ಏರಿಳಿಯುವ ವರಮಾನ, ನಿಲ್ಲದ ತೆರಿಗೆ

ಬಡವರ ಮೇಲಿನ ತೆರಿಗೆಯ ಭಾರವನ್ನು ಇಳಿಸುವುದು ಸರ್ಕಾರದ ಧರ್ಮವೆಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಅವಕಾಶವಿಲ್ಲ. ಆದರೆ ಆ ಭಾರವನ್ನು ಯಾವ ಅಳತೆಯಿಂದ, ಎಷ್ಟು ಕಾಲಕ್ಕೊಮ್ಮೆ ಇಳಿಸಬೇಕೆಂಬುದನ್ನು ಗೊತ್ತುಪಡಿಸುವಾಗ ಸದುದ್ದೇಶದ ಶಾಸನವೂ ಎಡವಬಹುದು. ಇಂಗ್ಲೆಂಡಿನ ಕೌನ್ಸಿಲ್ ತೆರಿಗೆಯ ರಿಯಾಯಿತಿಯು ಇದಕ್ಕೆ ತಕ್ಕ ನಿದರ್ಶನವಾಗಿದೆ. ಸ್ಥಳೀಯ ಸಂಸ್ಥೆಗಳ ಆಡಳಿತದಲ್ಲಿ ಆಸಕ್ತರಾದ ವಾಚಕರು ಈ ವಿಷಯವನ್ನು ಸಾವಧಾನವಾಗಿ ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

1990ರಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದ ತಲೆಗಂದಾಯವು ಜನರ ಆಗ್ರಹಕ್ಕೆ ಗುರಿಯಾಗಿ ರದ್ದಾಯಿತು. ಅದರ ಸ್ಥಾನದಲ್ಲಿ 1993ರ ಏಪ್ರಿಲ್‌ನಲ್ಲಿ ಕೌನ್ಸಿಲ್ ತೆರಿಗೆ ಬಂದಿತು. 1991ರಲ್ಲಿದ್ದ ಬೆಲೆಯನ್ನನುಸರಿಸಿ ಮನೆಗಳನ್ನು ಎಂಟು ದರ್ಜೆಗಳಾಗಿ ವಿಂಗಡಿಸಿ ಇದನ್ನು ವಿಧಿಸುತ್ತಾರೆ. ತೆರಿಗೆಯು ಮನೆಯ ಬೆಲೆಯನ್ನು ನೋಡುವುದೇ ಹೊರತು ಮನೆಯಲ್ಲಿರುವವನ ಕೈಯಲ್ಲಿ ಕಾಸಿದೆಯೇ ಎಂದು ನೋಡುವುದಿಲ್ಲ. ಆದುದರಿಂದಲೇ ಬಡವರಿಗೆ ರಿಯಾಯಿತಿ ಅವಶ್ಯವಾಯಿತು. 2013ರ ಮಾರ್ಚ್‌ವರೆಗೆ ಅದು ದೇಶಕ್ಕೆಲ್ಲ ಒಂದೇ ಕ್ರಮದಲ್ಲಿ ದೊರೆಯುತ್ತಿತ್ತು. 2012ರ ಶಾಸನವು ಆ ಕ್ರಮವನ್ನು ತೆಗೆದುಹಾಕಿ, ಇಂಗ್ಲೆಂಡಿನ ಪ್ರತಿಯೊಂದು ಕೌನ್ಸಿಲ್ಲೂ ತನ್ನದೇ ಆದ ಯೋಜನೆಯನ್ನು ರಚಿಸಿಕೊಳ್ಳತಕ್ಕದ್ದೆಂದು ವಿಧಿಸಿತು. ಅದರೊಡನೆ ಕೇಂದ್ರ ಸರ್ಕಾರದವರು ಇದಕ್ಕಾಗಿ ಕೊಡುತ್ತಿದ್ದ ದ್ರವ್ಯದಲ್ಲಿ ನೂರಕ್ಕೆ 10ರಷ್ಟನ್ನು ಕಡಿತಮಾಡಿದರು. ವಿಶ್ರಾಂತಿವೇತನದ ವಯಸ್ಸಿನವರನ್ನು ಮಾತ್ರ ರಾಷ್ಟ್ರೀಯ ನಿಯಮಗಳಿಂದ ರಕ್ಷಿಸಿದರು. ಹೀಗಾಗಿ ಕೊರತೆಯ ಹೊರೆಯೆಲ್ಲ ದುಡಿಯುವ ವಯಸ್ಸಿನ ಬಡವರ ಮೇಲೆ ಬಿದ್ದಿತು. ಸ್ಕಾಟ್ಲೆಂಡ್ ಮತ್ತು ವೇಲ್ಸ್ ದೇಶಗಳು ತಮ್ಮ ತಮ್ಮ ಏಕರೂಪದ ಯೋಜನೆಗಳನ್ನು ಉಳಿಸಿಕೊಂಡುವು.

ಅದೇ 2012ರಲ್ಲಿ ಅಂಗೀಕೃತವಾದ ಮತ್ತೊಂದು ಶಾಸನದಿಂದ ಯೂನಿವರ್ಸಲ್ ಕ್ರೆಡಿಟ್ ಎಂಬ ಮಾಸಿಕ ಸಹಾಯಧನ ಹುಟ್ಟಿತು. ಯಜಮಾನನು ಆದಾಯತೆರಿಗೆಯ ಇಲಾಖೆಗೆ ಕಳುಹುವ ಸಂಬಳದ ಲೆಕ್ಕವನ್ನು ನೋಡಿ ಪ್ರತಿ ತಿಂಗಳೂ ಅದನ್ನು ಹೊಸದಾಗಿ ಗುಣಿಸುತ್ತಾರೆ. ವಿನಾಯಿತಿಯ ಮಿತಿಯನ್ನು ದಾಟಿದ ಪ್ರತಿಯೊಂದು ಪೌಂಡಿನ ದುಡಿಮೆಗೂ 55 ಪೆನ್ನಿಗಳು ಸಹಾಯಧನದಿಂದ ಕಳೆಯುತ್ತವೆ. ಉಳಿದ 45 ಪೆನ್ನಿಗಳನ್ನು ಹೆಚ್ಚಿದ ವರಮಾನವೆಂದು ಎಣಿಸಿ, ಹಳೆಯ ಪದ್ಧತಿಯಂತೆ ನೂರಕ್ಕೆ 20ರ ಪ್ರಮಾಣದಲ್ಲಿ ತೆರಿಗೆಯ ರಿಯಾಯಿತಿಯನ್ನು ಇಳಿಸುವ ಕೌನ್ಸಿಲ್ ಮತ್ತೆ 9 ಪೆನ್ನಿಗಳನ್ನು ಹಿಂತೆಗೆದುಕೊಳ್ಳುತ್ತದೆ. ಒಂದು ಪೌಂಡು ಹೆಚ್ಚಾಗಿ ದುಡಿದವನಿಗೆ ಮಿಕ್ಕುವುದು 36 ಪೆನ್ನಿ. ಆದಾಯತೆರಿಗೆಯನ್ನೂ ಕೊಡತಕ್ಕವನಾಗಿದ್ದರೆ ಅಷ್ಟೂ ಇಲ್ಲ.

ಈ ಪ್ರಮಾಣಕ್ಕಿಂತಲೂ ಹೆಚ್ಚಿನ ಅನರ್ಥವು ಲೆಕ್ಕ ಪದೇ ಪದೇ ಬದಲಾಗುವುದರಲ್ಲಿದೆಯೆಂದು ನಾವು ಹೇಳುತ್ತೇವೆ. ಅಂಗಡಿಗಳಲ್ಲಿಯೂ ವೃದ್ಧರ ಆರೈಕೆಯಲ್ಲಿಯೂ ಗಂಟೆಗಳ ಲೆಕ್ಕದಲ್ಲಿ ದುಡಿಯುವವರಿಗೆ ಈ ತಿಂಗಳ ಸಂಬಳ ಮುಂದಿನ ತಿಂಗಳಿಗಿಲ್ಲ. ಸಂಬಳ ಬದಲಾದರೆ ಸಹಾಯಧನ ಬದಲಾಗುತ್ತದೆ. ಆ ಸುದ್ದಿ ಕೌನ್ಸಿಲ್ಲಿಗೆ ಮುಟ್ಟಿದೊಡನೆ ರಿಯಾಯಿತಿ ಬದಲಾಗುತ್ತದೆ. ಹೊಸ ತಗಾದೆಯ ಚೀಟಿ ಹೊಸ ಕಂತುಗಳೊಡನೆ ಮನೆಗೆ ಬರುತ್ತದೆ. ನಾಲ್ಕು ವಾರಕ್ಕೊಮ್ಮೆ ಸಂಬಳ ಪಡೆಯುವವನಿಗೆ ವರ್ಷಕ್ಕೆ 13 ಸಂಬಳಗಳಿದ್ದು, ಒಂದು ತಿಂಗಳಿನ ಲೆಕ್ಕದಲ್ಲಿ ಎರಡು ಸಂಬಳಗಳು ಬೀಳುತ್ತವೆ. ಅವನು ಒಂದು ಕಾಸನ್ನೂ ಹೆಚ್ಚಾಗಿ ಗಳಿಸದಿದ್ದರೂ ಕಾಗದದ ಮೇಲೆ ಆ ತಿಂಗಳು ಧನಿಕನಾಗುತ್ತಾನೆ. ತಿಂಗಳ ಸಂಬಳದವರಿಗೆ ಇದೇ ಬಗೆಯ ತೊಡಕುಂಟಾದಾಗ ಅದು ಅವಿವೇಕದ ಕ್ರಮವೆಂದು ಅಲ್ಲಿಯ ಅಪೀಲು ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿತು. ಅವರ ಮಟ್ಟಿಗೆ ನಿಯಮವೂ ತಿದ್ದುಪಡಿಯಾಯಿತು. ನಾಲ್ಕು ವಾರದ ಸಂಬಳದವರ ತೊಡಕು ತೀರಲಿಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಮಾತು. ಹಾಸಿಗೆಯ ಅಳತೆಯೇ ತಿಂಗಳು ತಿಂಗಳಿಗೂ ಬದಲಾದರೆ ಬಡವನು ಕಾಲು ಚಾಚುವುದೆಷ್ಟು?

ಕಂತು ತಪ್ಪಿದರೆ ಬರುವ ಕಷ್ಟ ಅಲ್ಪವಲ್ಲ. 1992ರ ನಿಯಮಾವಳಿಯು ಹಾಕಿಕೊಟ್ಟ ಕ್ರಮದಲ್ಲಿ, ಜ್ಞಾಪನಪತ್ರ ಬಂದ ಏಳು ದಿನಗಳೊಳಗೆ ಬಾಕಿ ತೀರದಿದ್ದರೆ ಕೆಲವೇ ದಿನಗಳಲ್ಲಿ ಕಂತಿನ ಹಕ್ಕು ಹೋಗಿ ವರ್ಷದ ಮೊತ್ತವೆಲ್ಲ ಒಮ್ಮೆಗೇ ಸಲ್ಲತಕ್ಕದ್ದಾಗುತ್ತದೆ. ಅನಂತರ ಮ್ಯಾಜಿಸ್ಟ್ರೇಟರ ಆಜ್ಞೆ, ಖರ್ಚಿನ ವಸೂಲಿ, ಜಪ್ತಿಯ ನೌಕರರು. ಭಾರವನ್ನಿಳಿಸಲು ಹೊರಟ ರಿಯಾಯಿತಿಯು ಬಡವನನ್ನು ನ್ಯಾಯಸ್ಥಾನದ ಬಾಗಿಲಿಗೆ ಎಳೆಯುವುದಾದರೆ ಅದನ್ನು ಉಪಕಾರವೆಂದು ಕರೆಯುವುದು ಹೇಗೆ?

ಈ ದೋಷವನ್ನು ಕಂಡ ಅನೇಕ ಕೌನ್ಸಿಲ್ಲುಗಳು ವರಮಾನವನ್ನು ಮೆಟ್ಟಿಲುಗಳಾಗಿ ವಿಂಗಡಿಸಿ, ಒಂದು ಮೆಟ್ಟಿಲಿನೊಳಗಿನ ಏರಿಳಿತಗಳನ್ನು ಗಣನೆಗೆ ತಾರದಿರುವ ಮಾರ್ಗವನ್ನು ಹಿಡಿದಿವೆ. ಇದರಿಂದ ಚೀಟಿಗಳ ಕಾಟ ಕಡಿಮೆಯಾಗುತ್ತದೆ. ಆದರೆ ಮೆಟ್ಟಿಲಿನ ಅಂಚಿನಲ್ಲಿರುವವನು ಒಂದು ಪೌಂಡು ಹೆಚ್ಚಾಗಿ ಗಳಿಸಿ ಹಲವು ಪೌಂಡುಗಳ ರಿಯಾಯಿತಿಯನ್ನು ಕಳೆದುಕೊಳ್ಳಬಹುದು. ಮೆಟ್ಟಿಲು ಅಗಲವಾದಷ್ಟೂ ನೆಮ್ಮದಿ ಹೆಚ್ಚು, ಅಂಚಿನ ಪೆಟ್ಟೂ ಹೆಚ್ಚು.

ವರಮಾನ ಏರಿದವನಿಗೆ ಹಳೆಯ ರಿಯಾಯಿತಿಯನ್ನೇ ಮುಂದುವರಿಸಿದರೆ ಬೊಕ್ಕಸಕ್ಕೆ ನಷ್ಟವೆಂದು ಹೇಳುವವರಿದ್ದಾರೆ. ಈ ಆಕ್ಷೇಪಣೆಯನ್ನು ನಾವು ತಳ್ಳಿಹಾಕುವುದಿಲ್ಲ. ಒಬ್ಬನಿಗೆ ಬಿಟ್ಟುಕೊಟ್ಟದ್ದನ್ನು ನೆರೆಯವನೇ ಕೊಡಬೇಕು. ಆದರೆ ಪ್ರತಿ ಬದಲಾವಣೆಗೂ ಗುಮಾಸ್ತರ ಶ್ರಮವುಂಟು, ಟಪಾಲಿನ ವೆಚ್ಚವುಂಟು, ಕೊನೆಗೆ ವಸೂಲಾಗದ ಬಾಕಿಯೂ ಉಂಟು. ಒಂಬತ್ತು ಪೆನ್ನಿಗಳನ್ನು ಹಿಡಿಯಲು ಅದಕ್ಕಿಂತ ಹೆಚ್ಚು ವ್ಯಯಿಸುವುದು ಮಿತವ್ಯಯವೆನಿಸದು. ಆದುದರಿಂದ ವರಮಾನ ಕುಸಿದಾಗ ರಿಯಾಯಿತಿಯನ್ನು ಒಡನೆಯೇ ಹೆಚ್ಚಿಸತಕ್ಕದ್ದು, ಅದು ಅಲ್ಪವಾಗಿ ಏರಿದಾಗ ಗೊತ್ತಾದ ಅವಧಿ ಮುಗಿಯುವವರೆಗೆ ತಾಳತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ. ಲೆಕ್ಕದ ಸೂಕ್ಷ್ಮತೆಯೊಂದೇ ನ್ಯಾಯವಲ್ಲ. ಮುಂದಿನ ತಿಂಗಳು ಎಷ್ಟು ಕೊಡಬೇಕೆಂದು ಬಡವನಿಗೆ ಇಂದೇ ತಿಳಿದಿರುವುದೂ ನ್ಯಾಯದ ಒಂದು ಅಂಗವೆಂಬುದನ್ನು ತೆರಿಗೆಯೆತ್ತುವವರೆಲ್ಲರೂ ನೆನಪಿನಲ್ಲಿಡಬೇಕು.