ಗಡ್ಡೆ ನೆಡುವ ಕಾಲ

ವಿಜಯದಶಮಿ ಕಳೆದು ದೀಪಾವಳಿ ಸಮೀಪಿಸುತ್ತಿರುವ ಈ ದಿನಗಳಲ್ಲಿ ದೆಹಲಿಯ ನಮ್ಮ ವಾಚಕರ ಮಾತುಕತೆಯೆಲ್ಲವೂ ಹೊಗೆ, ಕೆಮ್ಮು, ಮುಂಬರುವ ಚಳಿ ಇವುಗಳ ಸುತ್ತಲೇ ಸುತ್ತುತ್ತಿರುವುದು ಸಹಜವೇ ಸರಿ. ಆದರೆ ಇದೇ ಪಕ್ಷದಲ್ಲಿ ಮಾಡಬೇಕಾದ, ಈಗ ತಪ್ಪಿದರೆ ಒಂದು ವರ್ಷವೇ ಕಾಯಬೇಕಾಗುವ ಸಣ್ಣದೊಂದು ಕೆಲಸವಿದೆ. ಅದು ಹೂವಿನ ಗಡ್ಡೆಗಳನ್ನು ನೆಡುವ ಕೆಲಸ. ದಿನಪತ್ರಿಕೆಯ ಈ ಸ್ಥಳದಲ್ಲಿ ಹೂಗಿಡದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಸರೋಜಿನಿ ನಗರದಲ್ಲಿ ವಾಸಿಸಿದವರಿಗೆ, ಅಲ್ಲಿಂದ ಎದ್ದುಹೋದವರಿಗೆ, ಹಾಗೆನಿಸಲಾರದೆಂದು ನಾವು ಬಲ್ಲೆವು.

ನಮ್ಮ ಪಂಚಾಂಗದಂತೆ ವಸಂತವು ಯುಗಾದಿಯೊಂದಿಗೆ ಆರಂಭವಾಗುತ್ತದೆ. ನಾಡಿನಲ್ಲಿ ಅದು ಬೇವು ಹೂಬಿಡುವ, ಹೊಂಗೆ ಚಿಗುರುವ ಕಾಲ. ದೆಹಲಿಯ ಹೂದೋಟಗಳು ಅಷ್ಟು ಕಾಯುವುದಿಲ್ಲ. ಇಲ್ಲಿಯ ಹೂವಿನ ಸುಗ್ಗಿ ವಸಂತ ಪಂಚಮಿಯ ಆಸುಪಾಸಿನಿಂದ ಹೋಳಿಯವರೆಗೆ. ರಾಷ್ಟ್ರಪತಿ ಭವನದ ಉದ್ಯಾನ (2023ರ ಜನವರಿಯಿಂದ ಅದಕ್ಕೆ ಅಮೃತ ಉದ್ಯಾನವೆಂಬ ಹೆಸರು) ಸಾರ್ವಜನಿಕರಿಗೆ ಬಾಗಿಲು ತೆರೆಯುವುದೂ ಈ ಕಾಲದಲ್ಲಿಯೇ. ಯುಗಾದಿಯ ಹೊತ್ತಿಗೆ ಬಿಸಿಲು ಏರಿ ಹೂಗಳು ಬಾಡಲಾರಂಭಿಸಿರುತ್ತವೆ. ಆದುದರಿಂದ ಈ ಊರಿನಲ್ಲಿ ವಸಂತವನ್ನು ಬಯಸುವವನು ಶರತ್ಕಾಲದಲ್ಲಿಯೇ ಎಚ್ಚೆತ್ತುಕೊಳ್ಳಬೇಕು. ಅಕ್ಟೋಬರಿನಿಂದ ನವೆಂಬರಿನ ನಡುವಿನವರೆಗೆ ಅದಕ್ಕೆ ತಕ್ಕ ಸಮಯ.

ನರ್ಗಿಸ್, ಫ್ರೀಸಿಯಾ, ಅನಿಮೋನ್, ರನಂಕ್ಯುಲಸ್, ಗ್ಲಾಡಿಯೋಲಸ್ ಇವು ಇಲ್ಲಿಯ ಸೌಮ್ಯವಾದ ಚಳಿಯಲ್ಲಿಯೇ ತೃಪ್ತಿಯಿಂದ ಹೂಬಿಡುವಂಥವು. ಮಣ್ಣಿಗೆ ಸಮನಾಗಿ ಮರಳನ್ನೂ ಚೆನ್ನಾಗಿ ಕೊಳೆತ ಗೊಬ್ಬರವನ್ನೂ ಬೆರೆಸಿ, ಗಡ್ಡೆಯ ಎತ್ತರದ ಎರಡರಷ್ಟು ಆಳದಲ್ಲಿ, ಮೊಳಕೆಯ ತುದಿ ಮೇಲಾಗುವಂತೆ ಇರಿಸಬೇಕು. ರನಂಕ್ಯುಲಸ್ ಕಾಗೆಯ ಕಾಲಿನ ಆಕಾರದ್ದು. ಅದರ ಉಗುರುಗಳು ಕೆಳಮುಖವಾಗಿರಬೇಕು. ನೆಟ್ಟ ದಿನ ನೀರುಣಿಸಿದ ಬಳಿಕ ಚಿಗುರು ಕಾಣುವ ತನಕ ಕೈ ಬಿಗಿಹಿಡಿಯುವುದು ಲೇಸು. ಗಡ್ಡೆಯನ್ನು ಕೊಲ್ಲುವುದು ಬಾಯಾರಿಕೆಗಿಂತ ಹೆಚ್ಚಾಗಿ ನಮ್ಮ ಅತಿಯಾದ ಅಕ್ಕರೆಯೇ. ಹೋಟೆಲಿನ ಉಗ್ರಾಣದಲ್ಲಿ ಬಹುಕಾಲ ಕಳೆದ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ನೀರುಳ್ಳಿಯೂ ಒಂದು ಗಡ್ಡೆಯೇ ತಾನೆ? ಮಣ್ಣೂ ನೀರೂ ಇಲ್ಲದ ಗೋಣಿಯೊಳಗೆ ಅದು ತನ್ನ ಕಾಲ ಬಂದಾಗ ಚಿಗುರಿಬಿಡುತ್ತದೆ. ಒದ್ದೆಯಾದ ಮೂಲೆಯಲ್ಲಿ ಇಟ್ಟರೆ ಮಾತ್ರ ಕೊಳೆಯುತ್ತದೆ. ತನ್ನ ಬುತ್ತಿಯನ್ನು ತಾನೇ ಹೊತ್ತಿರುವ ಸಸ್ಯವದು.

ಈಗ ಸರೋಜಿನಿ ನಗರದ ಮಾತು. ಮೊದಲು ವಿನಯ ನಗರವೆಂದು ಕರೆಯಲ್ಪಡುತ್ತಿದ್ದ ಈ ಬಡಾವಣೆ ಕೇಂದ್ರ ಸರಕಾರದ ನೌಕರರಿಗಾಗಿ ಎದ್ದುದು. ಗುಮಾಸ್ತರು, ಸಹಾಯಕರು, ಸ್ಟೆನೋಗಳಾಗಿ ದೆಹಲಿಗೆ ಬಂದ ಎಷ್ಟೋ ದಕ್ಷಿಣದ ಕುಟುಂಬಗಳಿಗೆ ಇಂತಹ ಕ್ವಾರ್ಟರ್ಸುಗಳೇ ಮೊದಲ ನೆಲೆಯಾದವು. ಆ ನೆಲೆಯ ಮೇಲೆ ಹಕ್ಕು ಮಾತ್ರ ಇರಲಿಲ್ಲ. ವರ್ಗದ ಆಜ್ಞೆ ಬಂದರೆ, ಬಡ್ತಿ ದೊರೆತರೆ, ನಿವೃತ್ತಿಯಾದರೆ ಬೀಗದ ಕೈ ಒಪ್ಪಿಸಿ ಹೊರಡಬೇಕು. “ಪರರ ಮನೆಯ ಅಂಗಳದಲ್ಲಿ ಗಿಡ ನೆಟ್ಟು ನಮಗೇನು ಫಲ? ಹೂ ಬಿಡುವಾಗ ನಾವು ಇಲ್ಲಿರುತ್ತೇವೆಯೋ ಇಲ್ಲವೋ” ಎಂಬ ಮಾತನ್ನು ನಮ್ಮವರ ಬಾಯಿಂದ ನಾವು ಹಲವು ಬಾರಿ ಕೇಳಿದ್ದೇವೆ. ಹಾಗೆಂದರೂ ಕೆಲವರು ಕರಿಬೇವನ್ನೂ ಮಲ್ಲಿಗೆಯನ್ನೂ ನೆಟ್ಟರು. ಕೆಲವರು ಇಡೀ ಸೇವಾವಧಿಯನ್ನು ಬರಿಯ ನೆಲವನ್ನು ನೋಡುತ್ತ ಕಳೆದರು.

2016ರ ಜುಲೈಯಲ್ಲಿ ಕೇಂದ್ರ ಸಂಪುಟವು ಸರೋಜಿನಿ ನಗರವೂ ಸೇರಿದಂತೆ ಏಳು ಬಡಾವಣೆಗಳನ್ನು ಕೆಡವಿ ಪುನಃ ಕಟ್ಟುವ ಯೋಜನೆಗೆ ಒಪ್ಪಿಗೆಯಿತ್ತಿತು. 12,970 ಹಳೆಯ ಮನೆಗಳ ಸ್ಥಾನದಲ್ಲಿ ಸುಮಾರು 25,667 ಮನೆಗಳು ಏಳಬೇಕೆಂಬುದು ಅದರ ಲೆಕ್ಕ. ಮನೆ ಸಿಗದೆ ಕಾದಿರುವ ನೌಕರರು ಸಾವಿರಾರು ಮಂದಿಯಿರುವಾಗ ಈ ಉದ್ದೇಶವನ್ನು ನಾವು ಹಳಿಯಲಾರೆವು. ಆದರೆ ಅದರೊಂದಿಗೆ ಸಾವಿರಾರು ಮರಗಳಿಗೂ ಕುತ್ತು ಬಂದಿತು. 2018ರ ಜೂನ್ ತಿಂಗಳಿನಲ್ಲಿ ನಾಗರಿಕರು ಸರೋಜಿನಿ ನಗರದ ಮರಗಳನ್ನು ತಬ್ಬಿ ನಿಂತುದನ್ನೂ, ದೆಹಲಿಯ ಉಚ್ಚ ನ್ಯಾಯಾಲಯವು ಕಡಿಯುವುದನ್ನು ತಡೆದುದನ್ನೂ ವಾಚಕರು ಮರೆತಿರಲಾರರು. ಮನೆ ಬಿಟ್ಟವರು ಪಾತ್ರೆ ಪಡಗಗಳನ್ನೂ ದೇವರ ಪಟಗಳನ್ನೂ ಲಾರಿಗೇರಿಸಿದರು. ಬೇವಿನ ಮರವನ್ನು ಏರಿಸಲಾಗಲಿಲ್ಲ.

ಗಡ್ಡೆಯ ಮಹಿಮೆ ಇಲ್ಲಿಯೇ ಇದೆಯೆಂದು ನಮ್ಮ ಅಭಿಮತ. ಅದು ವಲಸೆ ಹೋಗುವವರ ಸಸ್ಯ. ಹೂ ಮುಗಿದ ಬಳಿಕ ಎಲೆಗಳನ್ನು ಕತ್ತರಿಸದೆ, ತಾವಾಗಿಯೇ ಹಳದಿಯಾಗುವ ತನಕ ಬಿಡಬೇಕು. ಬರುವ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಆ ಎಲೆಗಳೇ ಗಡ್ಡೆಗೆ ಇಳಿಸುತ್ತಿರುತ್ತವೆ. ಏಪ್ರಿಲ್ ಮೇ ತಿಂಗಳುಗಳಲ್ಲಿ, ಮಳೆಗಿಂತ ಮುಂಚೆ, ಅಗೆದು ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲದಲ್ಲಿ ತೂಗುಹಾಕಿದರೆ ಆಯಿತು. ಆ ಚೀಲವು ದ್ವಾರಕೆಗಾಗಲಿ, ನೋಯ್ಡಾಕ್ಕಾಗಲಿ, ಮೈಸೂರಿಗಾಗಲಿ ಬರಬಲ್ಲದು. ಅಲ್ಲದೆ ಅಗೆಯುವಾಗ ನೆಟ್ಟುದಕ್ಕಿಂತ ಹೆಚ್ಚು ದೊರೆಯುವುದೇ ರೂಢಿ. ಗ್ಲಾಡಿಯೋಲಸಿನ ಬುಡದಲ್ಲಿ ಕಾಳುಗಳಂತಹ ಮರಿಗಡ್ಡೆಗಳು ಸಿಕ್ಕುತ್ತವೆ. ಅವು ಹೂಬಿಡಲು ಎರಡು ಮೂರು ವರ್ಷ ಬೇಕು. ತಾಳ್ಮೆಯಿದ್ದವನಿಗೆ ಕ್ರಯವಿಲ್ಲದೆ ತೋಟ.

ಇಲ್ಲಿ ಟ್ಯೂಲಿಪಿನ ಪ್ರಸ್ತಾಪವನ್ನು ಮಾಡದಿರುವುದು ಉಚಿತವಲ್ಲ. ಕೆಲವು ವರ್ಷಗಳಿಂದ ನವದೆಹಲಿ ಪುರಸಭೆಯು ನೆದರ್ಲೆಂಡ್ಸಿನಿಂದ ಟ್ಯೂಲಿಪ್ ಗಡ್ಡೆಗಳನ್ನು ತರಿಸಿ ಶಾಂತಿಪಥದಲ್ಲಿ ನೆಡಿಸುತ್ತಿದೆ. ಜಿ-20 ಸಮ್ಮೇಳನದ ವರ್ಷವಾದ 2023ರ ವಸಂತಕ್ಕಾಗಿ ರಾಜಧಾನಿಗೆ ಬಂದ ಗಡ್ಡೆಗಳು ಲಕ್ಷಕ್ಕೂ ಮಿಕ್ಕಿದ್ದವು. ನೋಟಕ್ಕೆ ಬಲು ರಮ್ಯ. ಕುಟುಂಬ ಸಮೇತ ಹೋಗಿ ನೋಡತಕ್ಕದ್ದೇ. ಆದರೆ ಟ್ಯೂಲಿಪಿಗೆ ತಿಂಗಳುಗಟ್ಟಲೆ ನಿಡಿದಾದ ಶೀತ ಬೇಕು. ಅದು ಇಲ್ಲಿ ದೊರೆಯದ ಕಾರಣ ಮೊದಲೇ ಶೀತಲಗೃಹದಲ್ಲಿ ಇಟ್ಟ ಗಡ್ಡೆಗಳನ್ನು ಡಿಸೆಂಬರಿನಲ್ಲಿ ನೆಟ್ಟು ಫೆಬ್ರವರಿಯಲ್ಲಿ ಅರಳಿಸುತ್ತಾರೆ. ಮಾರ್ಚಿಯ ಬಿಸಿಲಿಗೆ ಎಲೆಗಳು ಬೇಗನೆ ಸುಟ್ಟುಹೋಗಿ ಗಡ್ಡೆಯ ಬುತ್ತಿ ತುಂಬುವುದೇ ಇಲ್ಲ. ಹೀಗಾಗಿ ಮರುವರ್ಷ ಮತ್ತೆ ಹೊಸ ಗಡ್ಡೆ, ಮತ್ತೆ ಹೊಸ ವೆಚ್ಚ. ರಾಜಬೀದಿಯ ಅತಿಥಿ ಸತ್ಕಾರಕ್ಕೆ ಇದು ಒಪ್ಪೀತು. ಸಂಬಳದಲ್ಲಿ ಸಂಸಾರ ತೂಗಿಸುವ ಗೃಹಸ್ಥನು ಅನುಸರಿಸಬೇಕಾದುದು ನರ್ಗಿಸಿನ ದಾರಿ.

ಆ ಟ್ಯೂಲಿಪಾದರೂ ಹಾಲೆಂಡಿನ ಮೂಲನಿವಾಸಿಯೇ? ಅಲ್ಲ. ಅದರ ತೌರು ಮಧ್ಯ ಏಷ್ಯದ ಬೆಟ್ಟಗಳು. ಬಾಬರನು ಕಾಬೂಲಿನ ಆಸುಪಾಸಿನಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಟ್ಯೂಲಿಪುಗಳನ್ನು ಎಣಿಸಿದುದನ್ನು ತನ್ನ ಆತ್ಮವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ತುರ್ಕಿಯ ತೋಟಗಳ ಮಾರ್ಗವಾಗಿ ಅದು ಯೂರೋಪನ್ನು ಸೇರಿತು. 1594ರ ವಸಂತದಲ್ಲಿ ಲೈಡನ್ ವಿಶ್ವವಿದ್ಯಾಲಯದ ತೋಟದಲ್ಲಿ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞನ ಆರೈಕೆಯಲ್ಲಿ ಅರಳಿತು. ನಮ್ಮ ಸುಗಂಧರಾಜನ ಕಥೆಯೂ ಇದೇ. ಮೆಕ್ಸಿಕೋ ದೇಶದಿಂದ ಬಂದ ಈ ಗಡ್ಡೆ ಕನ್ನಡನಾಡಿನ ಹೊಲಗಳಲ್ಲಿ ಬೇರುಬಿಟ್ಟು ಮದುವೆಯ ಹಾರಗಳಿಗೇರಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅದರಲ್ಲಿ ಶೃಂಗಾರ್, ಪ್ರಜ್ವಲ್ ಮೊದಲಾದ ತಳಿಗಳನ್ನು ಹೊರತಂದಿತು. ಈ ಹೊತ್ತು ಅದನ್ನು ಪರದೇಶಿಯೆಂದು ಕರೆಯುವವರಾರು? ಬಂದ ನೆಲದಲ್ಲಿ ತಲೆಮಾರುಗಳ ಕಾಲ ನೆಟ್ಟು, ಅಗೆದು, ಹಂಚಿದವರಿಂದಲೇ ಅದು ಆ ನೆಲದ್ದಾಯಿತು. ಪರಸ್ಥಳದಲ್ಲಿ ನೆಲೆಸಿರುವ ನಾವು ಇದರಿಂದ ಧೈರ್ಯ ತಾಳಬಹುದು.

ಆದುದರಿಂದ ನಮ್ಮ ಸೂಚನೆ ಎರಡು. ಮೊದಲನೆಯದು: ಮನೆ ಬಿಡುವವರು ಅಗೆದ ಗಡ್ಡೆಗಳಲ್ಲಿ ಅರ್ಧವನ್ನು ಜೊತೆಗೆ ಒಯ್ಯಲಿ, ಅರ್ಧವನ್ನು ಅಲ್ಲಿಯೇ ನೆಟ್ಟೋ ನೆರೆಯವರ ಕೈಗಿತ್ತೋ ಹೋಗಲಿ. ಮುಂದೆ ಬರುವವರು ಬಿಹಾರದವರೋ ಬಂಗಾಳದವರೋ, ನೆಟ್ಟವರ ಹೆಸರನ್ನು ಅರಿಯರು. ಅರಿಯದಿದ್ದರೇನು? ಮಾಘದ ಒಂದು ಮುಂಜಾನೆ ಅವರು ಹೊಸ್ತಿಲು ದಾಟುವಾಗ ನರ್ಗಿಸಿನ ಪರಿಮಳ ಅವರನ್ನು ಎದುರುಗೊಂಡರೆ, ಅಲ್ಲಿ ವಾಸಿಸಿದವರು ಸಜ್ಜನರೆಂಬುದು ತಿಳಿಯುತ್ತದೆ. ಎಲ್ಲರೂ ಈ ಪದ್ಧತಿಯನ್ನು ಪಾಲಿಸಿದರೆ ಹೊಸ ಮನೆಗೆ ಹೋದ ನಮ್ಮವರಿಗೂ ಯಾರೋ ನೆಟ್ಟ ಹೂ ದೊರೆಯುವುದು.

ಎರಡನೆಯದು: ನವೆಂಬರ್ 1ರ ರಾಜ್ಯೋತ್ಸವವು ಗಡ್ಡೆ ನೆಡುವ ಕಾಲದ ನಡುವಿಗೇ ಬೀಳುತ್ತದೆ. ಆ ದಿನ ಧ್ವಜವೇರಿಸಿ, ಭಾಷಣ ಕೇಳಿ, ಸಿಹಿ ಹಂಚಿ ಮನೆಗೆ ಮರಳುವುದು ಪರಿಪಾಠ. ಒಂದು ದಿನ ಅರಳಿ ಮರುವರ್ಷದವರೆಗೆ ಕಾಣದಾಗುವ ಈ ಉತ್ಸಾಹಕ್ಕೂ ಶಾಂತಿಪಥದ ಟ್ಯೂಲಿಪಿಗೂ ಹೋಲಿಕೆಯಿದೆಯೆಂದರೆ ಯಾರೂ ಮುನಿಯಬಾರದು. ರಾಮಕೃಷ್ಣಪುರದ ಕರ್ನಾಟಕ ಸಂಘದಲ್ಲಾಗಲಿ, ಲೋಧಿ ಎಸ್ಟೇಟಿನ ಕನ್ನಡ ಶಾಲೆಯಲ್ಲಾಗಲಿ, ಬಂದ ಮಕ್ಕಳ ಕೈಗೆ ಒಂದೊಂದು ಗಡ್ಡೆಯನ್ನು ಕೊಡೋಣ. ವಾರ ವಾರ ಅದನ್ನು ನೋಡಿಕೊಳ್ಳುವಾಗ ಮೊಳಕೆ, ಸುಳಿ, ಮೊಗ್ಗು, ಎಸಳು ಎಂಬ ಮಾತುಗಳನ್ನು ತಂದೆತಾಯಿಯರು ಕನ್ನಡದಲ್ಲಿಯೇ ಆಡಲಿ. ಬೇಸಗೆಯಲ್ಲಿ ಮಕ್ಕಳು ಮರಿಗಡ್ಡೆಗಳನ್ನು ಹಿಂದಕ್ಕೆ ತಂದೊಪ್ಪಿಸಿದರೆ ಮುಂದಿನ ವರ್ಷದ ಮಕ್ಕಳಿಗೆ ಕೊಂಡುಕೊಳ್ಳುವ ಅಗತ್ಯವೇ ಬಾರದು.

ಅಂಗಳವಿಲ್ಲವೆಂಬ ನೆಪ ಸಲ್ಲದು. 2025ರ ಜನವರಿಯಲ್ಲಿ ಉದ್ಘಾಟನೆಗೊಂಡ ಸರೋಜಿನಿ ನಗರದ 28 ಗೋಪುರಗಳಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಮನೆಗಳಿವೆ. ನಾಲ್ಕು ತಾಸು ಬಿಸಿಲು ಬೀಳುವ ಬಾಲ್ಕನಿಯೊಂದು, ತಳದಲ್ಲಿ ತೂತಿರುವ ಹತ್ತು ಅಂಗುಲದ ಕುಂಡವೊಂದು ಇದ್ದರೆ ಐದಾರು ಗಡ್ಡೆಗಳಿಗೆ ಸಾಕು. ನರ್ಸರಿಗಳಲ್ಲಿ ಈಗ ದಾಸ್ತಾನು ಬಂದಿರುತ್ತದೆ. ಒತ್ತಿನೋಡಿ ಗಟ್ಟಿಯಾಗಿರುವುದನ್ನು ಆಯ್ದುಕೊಳ್ಳಿರಿ, ಮೆತ್ತಗಿರುವುದನ್ನು ಬಿಡಿರಿ. ದೀಪಾವಳಿಯ ರಜೆಯಲ್ಲಿ ಒಂದು ಗಂಟೆಯನ್ನು ಇದಕ್ಕಾಗಿ ತೆಗೆದಿಡಬೇಕೆಂದು ವಾಚಕರಲ್ಲಿ ನಮ್ಮ ಅರಿಕೆ.