ಅರವತ್ತು ಎಲೆಯಲ್ಲಿ ಕನ್ನಡದ್ದು ಎಷ್ಟು?

ಕನ್ನಡದ ತರುಣ ಗೆಳೆಯರೇ,

ಅಂಗಡಿ ಬೋರ್ಡಿನಲ್ಲಿ ಶೇಕಡಾ ೬೦ ಕನ್ನಡ ಇರಲೇಬೇಕು ಎಂದು ೨೦೨೩ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದವರಲ್ಲಿ ನಿಮ್ಮಲ್ಲಿ ಹಲವರಿದ್ದಿರಿ. ಲಾಠಿ, ಕೇಸು, ಠಾಣೆ ಎಲ್ಲ ಆಯಿತು. ೨೦೨೪ರಲ್ಲಿ ತಿದ್ದುಪಡಿ ಕಾಯಿದೆಯೂ ಬಂತು. ಉತ್ತರಹಳ್ಳಿ ಮುಖ್ಯರಸ್ತೆಯ ಬೋರ್ಡುಗಳನ್ನು ಈಗ ತಲೆಯೆತ್ತಿ ಓದಬಹುದು. ಸಂತೋಷ. ಆದರೆ ಸ್ವಾಮಿ, ಒಂದು ಸಲ ತಲೆ ತಗ್ಗಿಸಿ ಅದೇ ಅಂಗಡಿಯ ಮೆಟ್ಟಿಲಮೇಲೆ ಕೂತಿರುವ ಹುಡುಗರ ಕೈಯನ್ನೂ ನೋಡಿ. ಅಲ್ಲೂ ಒಂದು ಅರವತ್ತಿದೆ.

ಪೋಕೆಮಾನ್ ಆಟದ ಕಟ್ಟಿನಲ್ಲಿ ಸರಿಯಾಗಿ ೬೦ ಎಲೆ. ಸ್ವಲ್ಪ ದೊಡ್ಡವರು ಆಡುವ ಮ್ಯಾಜಿಕ್ ದಿ ಗ್ಯಾದರಿಂಗ್ ಆಟದಲ್ಲಿ ಕನಿಷ್ಠ ೬೦. ಆ ಅರವತ್ತರಲ್ಲಿ ಕನ್ನಡ ಎಷ್ಟು? ಸೊನ್ನೆ. ಅಟ್ಯಾಕ್, ಡ್ಯಾಮೇಜ್, ಎನರ್ಜಿ, ಡಿಸ್ಕಾರ್ಡ್, ರಿಟ್ರೀಟ್ ಎಂದು ಗಂಟೆಗಟ್ಟಲೆ ಇಂಗ್ಲಿಷು ಉದುರುತ್ತದೆ. ಕನ್ನಡ ಬಾಯಿಗೆ ಬರುವುದು ಜಗಳ ಬಿದ್ದಾಗ ಮಾತ್ರ: 'ಲೋ, ಮೋಸ ಕಣೋ ಇದು!'

ಇಷ್ಟು ಓದಿ, ಈ ಪತ್ರಿಕೆಯವರು ಇನ್ನು ಮಕ್ಕಳ ಆಟಿಕೆಗೂ ಮಸಿ ಬಳಿಯಲು ಹೊರಟರು ಎಂದುಕೊಳ್ಳಬೇಡಿ. ಈ ಆಟವನ್ನು ನಿಲ್ಲಿಸಿ ಎನ್ನುವವರ ಸಾಲಿನಲ್ಲಿ ನಾವಿಲ್ಲ. ಎಲೆ ಎಂದರೆ ಜೂಜು, ಜೂಜೆಂದರೆ ಮನೆಹಾಳು ಎನ್ನುವ ಹಿರಿಯರ ಮಾತನ್ನು ಮೂರೆಲೆ ಆಡುವವರಿಗೆ ಬಿಡೋಣ. ಇದು ಬೇರೆ ಜಾತಿಯ ಆಟ. ೧೯೯೩ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಮೇಷ್ಟ್ರು ಮ್ಯಾಜಿಕ್ ಆಟವನ್ನು ಹೊರತಂದಾಗ ಅದರ ಹೊಸತನ ಒಂದೇ ಆಗಿತ್ತು. ಇಬ್ಬರೂ ಒಂದೇ ಕಟ್ಟಿನಿಂದ ಆಡುವುದಿಲ್ಲ. ನೂರಾರು ಎಲೆಗಳಲ್ಲಿ ಆರಿಸಿಕೊಂಡು ನಿಮ್ಮ ಕಟ್ಟನ್ನು ನೀವು ಕಟ್ಟಬೇಕು, ನನ್ನದನ್ನು ನಾನು. ಮೂಲ ನೆಲದ ಎಲೆಗಳನ್ನು ಬಿಟ್ಟರೆ ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಅರ್ಧ ಆಟ ಮೇಜಿಗೆ ಬರುವ ಮೊದಲೇ, ಮನೆಯಲ್ಲಿ ಕಟ್ಟು ಕಟ್ಟುವಾಗಲೇ ಮುಗಿದಿರುತ್ತದೆ. ಲೆಕ್ಕ ಬೇಕು, ತಾಳ್ಮೆ ಬೇಕು, ಎದುರಾಳಿಯ ಮನಸ್ಸು ಓದಬೇಕು. ಒಳ್ಳೆಯ ಆಟ. ತಕರಾರಿರುವುದು ಕಂಪನಿಯವರು ಮಾರುವ ಕುರುಡು ಪೊಟ್ಟಣದ ಬಗ್ಗೆ. ಒಳಗೇನಿದೆಯೆಂದು ಗೊತ್ತಿಲ್ಲದೆ ನೂರಾರು ರೂಪಾಯಿ ಸುರಿಯುವುದು, ಇಲ್ಲವೇ ಸ್ಟೇಷನರಿ ಅಂಗಡಿಯಲ್ಲಿ ಬಂಗಾರದ ಬಣ್ಣ ಬಳಿದ ನಕಲಿ ಎಲೆ ಕೊಂಡು ಮೆರೆಯುವುದು. ಅದು ಅಪ್ಪಂದಿರ ಜೇಬಿನ ವಿಷಯ, ಅಲ್ಲಿಗೇ ಬಿಡೋಣ.

ನಮ್ಮ ಮಾತು ಬೇರೆ. ಎಲೆಯಾಟ ಪರದೇಶದ ಸರಕು, ಅದಕ್ಕೂ ಕನ್ನಡಕ್ಕೂ ಏನು ಸಂಬಂಧ ಎಂದು ಕೇಳುವ ಕನ್ನಡಿಗನಿದ್ದಾನಲ್ಲ, ಅವನಿಗೆ ಮೈಸೂರಿನ ದಾರಿ ತೋರಿಸಬೇಕಾಗಿದೆ.

ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ಐದು ವರ್ಷದ ಮಗುವಾಗಿದ್ದಾಗ ಪಟ್ಟಕ್ಕೆ ಬಂದವರು. ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಸಿಂಹಾಸನ ಉಳಿಯಿತು, ಅಧಿಕಾರ ಹೋಯಿತು. ದೊರೆ ಕೈಕಟ್ಟಿ ಕೂರಲಿಲ್ಲ. ಸಾಹಿತ್ಯ, ಸಂಗೀತ, ಚಿತ್ರ, ಚದುರಂಗ ಎಂದು ಅರಮನೆಯನ್ನೇ ವಿದ್ಯಾಶಾಲೆ ಮಾಡಿಕೊಂಡರು. ಅವರ ಹೆಸರಿನಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಬೃಹತ್ ಸಚಿತ್ರ ಗ್ರಂಥದಲ್ಲಿ ಒಂಬತ್ತು ನಿಧಿಗಳು. ಕೊನೆಯದು ಕೌತುಕ ನಿಧಿ. ಅದರಲ್ಲಿ ೧೨೨ ಯೋಗಾಸನಗಳ ಚಿತ್ರಗಳಿವೆ ಎಂದು ಇಂದು ಪರದೇಶದ ಯೋಗಪಟುಗಳು ಹುಡುಕಿಕೊಂಡು ಬರುತ್ತಾರೆ. ಅದೇ ನಿಧಿಯಲ್ಲಿ ಎಲೆಯಾಟಗಳೂ ಇವೆ ಎಂಬುದು ನಮ್ಮ ಊರಿನವರಿಗೇ ಗೊತ್ತಿಲ್ಲ!

ಆ ಆಟಗಳ ಹೆಸರು ಛದ್. ಚಾಮುಂಡೇಶ್ವರಿ ಛದ್ ಎಂಬ ಕಟ್ಟಿನಲ್ಲಿ ೧೬ ಬಣ್ಣ, ಬಣ್ಣಕ್ಕೆ ೨೦ರಂತೆ ೩೨೦ ಎಲೆ. ಜಗನ್ಮೋಹನ ಛದ್‌ನಲ್ಲಿ ೧೮ ಬಣ್ಣ, ೩೬೦ ಎಲೆ. ಇಸ್ಪೀಟಿನ ೫೨ ಎಲೆಯನ್ನು ಕೈಯಲ್ಲಿ ಹಿಡಿದು ನೆನಪಿಡಲು ಒದ್ದಾಡುವ ನಾವು ಈ ಲೆಕ್ಕವನ್ನು ಒಂದು ಕ್ಷಣ ಯೋಚಿಸಬೇಕು. ಒಂದೊಂದು ಕಟ್ಟಿಗೂ ಒಂದೊಂದು ವಿಷಯ: ಒಂದಕ್ಕೆ ದೇವಿ, ಇನ್ನೊಂದಕ್ಕೆ ನವಗ್ರಹ. ಯಾವ ಬಣ್ಣಕ್ಕೆ ಯಾವ ದೇವತೆ, ಕೈಯಲ್ಲಿ ಯಾವ ಆಯುಧ, ಏರುವ ವಾಹನ ಯಾವುದು ಎಲ್ಲ ಬರಹದಲ್ಲಿದೆ. ಇವತ್ತಿನ ಹುಡುಗರು 'ಥೀಮ್ ಡೆಕ್' ಎಂದು ಬಾಯಿ ತುಂಬ ಹೇಳುತ್ತಾರಲ್ಲ, ಅದನ್ನು ಮೈಸೂರಿನ ದೊರೆ ನೂರೈವತ್ತು ವರ್ಷಗಳ ಹಿಂದೆಯೇ ಕಟ್ಟಿ ಆಗಿತ್ತು.

ಛದ್‌ನ ಹಿಂದೆ ಗಂಜೀಫ ಇದೆ. ಅದು ಪರ್ಶಿಯಾ ಕಡೆಯಿಂದ ಬಂದದ್ದು. ೧೫೨೭ರಲ್ಲಿ ಬಾಬರ್ ಸಿಂಧ್‌ಗೆ ಗಂಜೀಫ ಎಲೆಗಳನ್ನು ಕಳಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಮೊಗಲರ ಕಟ್ಟು ೯೬ ಎಲೆಯದು. ಅದು ದಖ್ಖನಿಗೆ ಇಳಿದಾಗ ಇಲ್ಲಿಯವರು 'ಹೊರಗಿನದು, ಬೇಡ' ಎನ್ನಲಿಲ್ಲ. ಹಾಗೇ ನುಂಗಲೂ ಇಲ್ಲ. ಹತ್ತು ಅವತಾರಕ್ಕೆ ಹತ್ತು ಬಣ್ಣ ಮಾಡಿ, ಒಂದೊಂದಕ್ಕೂ ರಾಜ, ಮಂತ್ರಿ, ಒಂದರಿಂದ ಹತ್ತರವರೆಗೆ ಎಲೆ ಸೇರಿಸಿ ೧೨೦ರ ದಶಾವತಾರ ಗಂಜೀಫ ಕಟ್ಟಿದರು. ಅದರ ನಿಯಮವೂ ಚೆಂದ. ಹಗಲಿನಲ್ಲಿ ಆಡಿದರೆ ರಾಮನ ಎಲೆಯವನು ಮೊದಲು ಇಳಿಸಬೇಕು, ರಾತ್ರಿಯಾದರೆ ಕೃಷ್ಣನ ಎಲೆಯವನು. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು. ಪರರ ಆಟವನ್ನು ತಮ್ಮದು ಮಾಡಿಕೊಳ್ಳುವುದೆಂದರೆ ಇದು. ಹೊದಿಕೆಗೆ ಕನ್ನಡದ ಸ್ಟಿಕ್ಕರ್ ಅಂಟಿಸುವುದಲ್ಲ.

ಆದರೆ ಛದ್ ಏಕೆ ಬದುಕಲಿಲ್ಲ? ಇದನ್ನು ಮುಚ್ಚಿಟ್ಟು ಬರೀ ಹೆಮ್ಮೆ ಪಡುವುದು ನಮಗೆ ಒಗ್ಗದು. ಕೈಯಲ್ಲಿ ಬರೆದು ಬಣ್ಣ ತುಂಬಿದ ೩೨೦ ಎಲೆಗಳನ್ನು ದೇವರಾಜ ಮಾರುಕಟ್ಟೆಯ ಸೊಪ್ಪಿನವನು ಕೊಳ್ಳಲು ಸಾಧ್ಯವಿತ್ತೇ? ಹೆಸರುಗಳೂ ಸಂಸ್ಕೃತದವು, ವಿವರಗಳೂ ಶ್ಲೋಕದಲ್ಲಿ. ಆಟ ಅರಮನೆಯ ಹೊಸ್ತಿಲು ದಾಟಲಿಲ್ಲ. ಅತ್ತ ಅಚ್ಚಿನ ಇಸ್ಪೀಟು ಕಾಸಿಗೊಂದು ಕಟ್ಟಿನಂತೆ ಹಳ್ಳಿಯ ಅರಳಿಕಟ್ಟೆಗೂ ಬಂತು. ಬಂದದ್ದನ್ನು ನಮ್ಮ ಜನ ಏನು ಮಾಡಿದರು ನೋಡಿ: ಹಾರ್ಟ್ಸ್ ಆಟೀನಾಯಿತು, ಕ್ಲಬ್ಸ್ ಕಳಾವರ್ ಆಯಿತು. ಎಕ್ಕ, ರಾಜ, ರಾಣಿ, ಗುಲಾಮ ಎಂದು ಹೆಸರಿಟ್ಟರು. ತುರುಫು ಹೊಡೆದರು. ಎಲೆ ಕಲೆಸಿದರು, ಹಂಚಿದರು, ಇಳಿಸಿದರು. ಯಾವ ಪ್ರಾಧಿಕಾರದ ಸುತ್ತೋಲೆಯೂ ಇಲ್ಲದೆ, ಯಾವ ಪಾರಿಭಾಷಿಕ ಸಮಿತಿಯೂ ಸೇರದೆ ಒಂದು ಇಡೀ ಆಟ ಕನ್ನಡವಾಯಿತು. ಓದುಬರಹ ಬಾರದ ಅಜ್ಜ ಮಾಡಿದ ಕೆಲಸವನ್ನು ಇಂಜಿನಿಯರಿಂಗ್ ಓದುವ ಮೊಮ್ಮಗನಿಗೆ ಮಾಡಲಾಗದೆ?

(ಗಂಜೀಫದ ಕಲೆ ಪೂರ್ತಿ ಸತ್ತಿಲ್ಲ. ಗಂಜೀಫ ರಘುಪತಿ ಭಟ್ಟರಂಥವರು ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು; ಮೈಸೂರು ಗಂಜೀಫಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದರೆ ಗೋಡೆಗೆ ತೂಗುಹಾಕಿದ ಎಲೆ ಚಿತ್ರವಾಗುತ್ತದೆ, ಆಟವಾಗುವುದಿಲ್ಲ.)

ಈಗ ಜಪಾನನ್ನು ನೋಡಿ. ಪೋಕೆಮಾನ್ ಹಿಂದಿರುವ ನಿಂಟೆಂಡೊ ಕಂಪನಿ ೧೮೮೯ರಲ್ಲಿ ಕ್ಯೋಟೊ ಊರಿನಲ್ಲಿ ಶುರುವಾದದ್ದೇ ಎಲೆ ಮಾರುವ ಅಂಗಡಿಯಾಗಿ. ಹನಾಫುದ ಎಂಬ, ಹೂವಿನ ಚಿತ್ರದ ಅವರ ನಾಡಿನ ಎಲೆ. ತಿಂಗಳಿಗೊಂದು ಹೂವಿನಂತೆ ೧೨ ತಿಂಗಳಿಗೆ ೪೮ ಎಲೆ. ಇನ್ನೊಂದು ಆಟ ಕರೂತ. ನೂರು ಹಳೆಯ ಕವಿತೆಗಳು. ಒಬ್ಬ ಕವಿತೆಯನ್ನು ಓದುತ್ತಾ ಹೋದರೆ ಅದರ ಕೊನೆಯ ಸಾಲುಗಳಿರುವ ಎಲೆಯನ್ನು ಯಾರು ಮೊದಲು ಹೊಡೆದು ತೆಗೆಯುತ್ತಾರೋ ಅವರದು. ಗೆಲ್ಲಬೇಕೆಂದರೆ ನೂರೂ ಬಾಯಿಪಾಠ ಇರಬೇಕು. ಜಪಾನಿನ ಶಾಲೆಯ ಮಕ್ಕಳು ಇಂದಿಗೂ ಇದನ್ನು ಪಂದ್ಯವಾಗಿ ಆಡುತ್ತಾರೆ. ೧೯೯೬ರಲ್ಲಿ ಪೋಕೆಮಾನ್ ಎಲೆ ಮೊದಲು ಅಚ್ಚಾದದ್ದೂ ಜಪಾನಿಯಲ್ಲೇ. ಇಂಗ್ಲಿಷಿಗೆ ಹೋದದ್ದು ಆಮೇಲೆ. ೨೦೧೯ರಲ್ಲಿ ಥಾಯ್ ಭಾಷೆಯಲ್ಲಿ ಬಂತು, ಅದೇ ವರ್ಷ ಇಂಡೋನೇಷ್ಯಾದ ಭಾಷೆಯಲ್ಲೂ ಬಂತು. ಆರು ಕೋಟಿ ಜನರ ನಾಡು ನಮ್ಮದು. ನಮ್ಮ ಮಕ್ಕಳು ಮಾತ್ರ ಇಂಗ್ಲಿಷಿನಲ್ಲೇ ಕೊಳ್ಳುತ್ತಾರೆಂದು ಕಂಪನಿಗಳಿಗೆ ಅಷ್ಟು ಖಾತ್ರಿ ಹೇಗೆ? ನಾವು ಒಂದು ದಿನವೂ ಕೇಳಿಲ್ಲವಲ್ಲ, ಹಾಗೆ!

ಕಾಯಿದೆಯ ದಾರಿ ಇಲ್ಲಿ ಹೆಚ್ಚು ದೂರ ಹೋಗದು. ಕರ್ನಾಟಕದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡ ಇರಬೇಕೆಂದು ೨೦೨೨ರ ಕಾಯಿದೆ ಹೇಳುತ್ತದೆ. ಈ ಎಲೆಗಳು ತಯಾರಾಗುವುದು ಇಲ್ಲಲ್ಲ. ಗಿರಾಕಿಯಾಗಿ ಕೇಳಬೇಕು, ಅಷ್ಟೇ. ಅಂಗಡಿಯಲ್ಲಿ ಕನ್ನಡದಲ್ಲೇ ಕೇಳಿ, ಕಂಪನಿಗೆ ಪತ್ರ ಬರೆಯಿರಿ. ಅವರು ಕೊಡುವವರೆಗೆ ಕಾಯುತ್ತಾ ಕೂರುವುದೂ ಬೇಡ. ಕಟ್ಟನ್ನು ನೀವೇ ಕಟ್ಟಿ.

ಹೀಗೆ ಹೇಳಿದ ಕೂಡಲೇ ನಿಮ್ಮ ತಲೆಗೆ ಏನು ಬರುತ್ತದೆಂದು ನಮಗೆ ಗೊತ್ತು. ಮಯೂರವರ್ಮ, ಇಮ್ಮಡಿ ಪುಲಕೇಶಿ, ಅಬ್ಬಕ್ಕ, ಚೆನ್ನಮ್ಮ, ರಾಯಣ್ಣ, ಓಬವ್ವ, ಕೆಂಪೇಗೌಡ... ಅರವತ್ತೂ ಶೂರರೇ! ಇಂಥ ಕಟ್ಟು ಮೊದಲ ಆಟದಲ್ಲೇ ಸೋಲುತ್ತದೆ. ಮ್ಯಾಜಿಕ್ ಆಡುವ ಯಾರನ್ನಾದರೂ ಕೇಳಿ. ಅರವತ್ತರಲ್ಲಿ ಸುಮಾರು ೨೪ ಎಲೆ ನೆಲದ ಎಲೆ. ಕಾಡು, ಬೆಟ್ಟ, ಜೌಗು, ಬಯಲು, ದ್ವೀಪ. ನೆಲದಿಂದಲೇ ಶಕ್ತಿ ಹುಟ್ಟುವುದು. ನೆಲ ಇಳಿಸದೆ ಕೈಯಲ್ಲಿ ಎಂಥ ವೀರನಿದ್ದರೂ ಅವನು ಕೈಯಲ್ಲೇ ಕೊಳೆಯಬೇಕು. ನೆಲ, ಜಲ, ನುಡಿ ಎಂದು ಮೂವತ್ತು ವರ್ಷಗಳಿಂದ ಕೂಗುತ್ತಿರುವ ನಮಗೆ ಅಮೆರಿಕದ ಗಣಿತದ ಮೇಷ್ಟ್ರು ಬೇರೆ ದಾರಿಯಲ್ಲಿ ಬಂದು ಅದೇ ಮಾತು ಹೇಳಿದಂತಾಯಿತು.

ಕಿತ್ತೂರನ್ನು ತೆಗೆದುಕೊಳ್ಳಿ. ನೆಲ: ಕಿತ್ತೂರು ಕೋಟೆ, ಬೈಲಹೊಂಗಲ, ಸಂಗೊಳ್ಳಿ, ನಂದಗಡ, ಮಲಪ್ರಭೆ. ಜನ: ಚೆನ್ನಮ್ಮ, ರಾಯಣ್ಣ, ಅಮಟೂರು ಬಾಳಪ್ಪ. ಒಂಟಿಯಾಗಿ ಇಳಿದರೆ ಬಾಳಪ್ಪನ ಬಲ ಚಿಕ್ಕದು; ಚೆನ್ನಮ್ಮನ ಎಲೆ ಮೇಜಿನ ಮೇಲಿದ್ದರೆ ಅವನ ಗುಂಡು ಎದುರಾಳಿಯ ದೊಡ್ಡ ಎಲೆಯನ್ನೇ ಉರುಳಿಸಬೇಕು. ೧೮೨೪ರ ಅಕ್ಟೋಬರಿನಲ್ಲಿ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಹಾಗೇ ತಾನೇ? ಎಲೆ ಎಲೆಗೆ ಬಲ ಕೊಡುವಂತೆ ಹೆಣೆಯುವುದೇ ಇದರ ಗುಟ್ಟು. ಅದೇ ಡಿಸೆಂಬರಿನಲ್ಲಿ ಕೋಟೆ ಬಿದ್ದ ಎಲೆಯನ್ನೂ ಸೇರಿಸಿ. ರಾಯಣ್ಣನನ್ನು ಹಿಡಿದುಕೊಟ್ಟ ದ್ರೋಹದ ಎಲೆಯೂ ಇರಲಿ. ಅದು ಯಾರ ಕೈಗೆ ಬಂದರೆ ಅವರ ಕಟ್ಟನ್ನೇ ಒಳಗಿನಿಂದ ತಿನ್ನಬೇಕು. ಅದಿಲ್ಲದ ಕಿತ್ತೂರಿನ ಕಟ್ಟು ಸುಳ್ಳು ಕಟ್ಟು.

ರಾಜರು ಬೇಡವೆಂದರೆ ನಮ್ಮ ಉತ್ತರಹಳ್ಳಿಯನ್ನೇ ಕಟ್ಟಿ. ನಾವು ಮನಸಾರೆ ನೋಡಬೇಕೆಂದಿರುವುದು ಈ ಕಟ್ಟನ್ನೇ. ವಸಂತಪುರದ ವಲ್ಲಭರಾಯನ ಗುಡ್ಡ, ದೊಡ್ಡಕಲ್ಲಸಂದ್ರದ ಕೆರೆ, ಸುಬ್ರಹ್ಮಣ್ಯಪುರದ ಕೆರೆ, ತುರಹಳ್ಳಿ ಕಾಡು ನೆಲದ ಎಲೆಗಳಾಗಲಿ. ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡುತ್ತೇವೆಂದು ಹೊರಟಾಗ ೨೦೨೧ರಲ್ಲಿ ಸುತ್ತಲಿನ ನಿವಾಸಿಗಳು ಬೀದಿಗೆ ಬಂದರು. ಅದು ಕಾಡನ್ನು ಕಾಪಾಡುವ ಎಲೆ. ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವ ಬನಶಂಕರಮ್ಮನ ಭಕ್ತರಿಗೆ ಒಂದು ಎಲೆ. ೨೦೨೧ರಲ್ಲಿ ಕೋಣನಕುಂಟೆ ಕ್ರಾಸ್ ದಾಟಿ ಹೋದ ಮೆಟ್ರೊಗೆ ಒಂದು. ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದಾಗಿದ್ದು, ೨೦೦೮ರ ಮರುವಿಂಗಡಣೆಯಲ್ಲಿ ಹಂಚಿಹೋದ ಉತ್ತರಹಳ್ಳಿ ಕ್ಷೇತ್ರವನ್ನು ಮರೆಯಬೇಡಿ. ಇಳಿಸಿದ ಕೂಡಲೇ ಚೂರಾಗಿ ಬೇರೆ ಬೇರೆ ಎಲೆಗಳಾಗುವ ಮಜವಾದ ಎಲೆಯಾಗುತ್ತದೆ ಅದು! ಎದುರಾಳಿಯ ಕೈಗೆ ಕೆರೆ ಒತ್ತುವರಿ, ರಾತ್ರೋರಾತ್ರಿ ಮರ ಕಡಿತ, ಬೀಗ ಹಾಕಿದ ಕನ್ನಡ ಶಾಲೆ ಕೊಡಿ. ಈ ಮೇಜಿನಲ್ಲಿ ಕೂತು ಆಡಿದ ಬಡಾವಣೆಯ ಹುಡುಗ, ಅವನ ಮನೆಮಾತು ತಮಿಳಾಗಲಿ ತೆಲುಗಾಗಲಿ ಹಿಂದಿಯಾಗಲಿ, ಊರಿನ ಹೆಸರುಗಳನ್ನು ಕನ್ನಡದಲ್ಲಿ ಓದದೆ ಗೆಲ್ಲಲಾರ. ಅವನಿಗೆ 'ಕನ್ನಡ ಕಲಿ' ಎಂದು ಗದರಿಸುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

ಭಾಷೆಯ ಬಗ್ಗೆ ಒಂದು ಎಚ್ಚರಿಕೆ. ಎನರ್ಜಿಗೆ 'ಊರ್ಜಾಪತ್ರ', ಡಿಸ್ಕಾರ್ಡಿಗೆ 'ಪರಿತ್ಯಕ್ತ ರಾಶಿ' ಎಂದೆಲ್ಲ ಬರೆದು ಆಟವನ್ನು ಕೊಲ್ಲಬೇಡಿ. ಛದ್‌ಗೆ ಬಂದ ಗತಿಯೇ ಬರುತ್ತದೆ. ಕಸುವು, ಪೆಟ್ಟು, ಹಿಂದೆ ಸರಿ, ಎಸೆ, ಎಳೆದುಕೋ. ಹತ್ತು ವರ್ಷದ ಹುಡುಗಿ ಒಂದೇ ಉಸಿರಿಗೆ ಹೇಳುವಂತಿರಬೇಕು. ಅಂಕಿಗಳು ಕನ್ನಡದವೇ ಆಗಲಿ. ಬೆಂಗಳೂರಿನ ಮಕ್ಕಳಿಗೆ ೬ ಯಾವುದು ೯ ಯಾವುದು ಎಂದು ತಡವರಿಕೆಯಾಗುತ್ತದೆ. ಪೆಟ್ಟಿನ ಲೆಕ್ಕ ತಪ್ಪಿ ಎರಡು ಆಟ ಸೋತರೆ ಮೂರನೆಯದಕ್ಕೆ ಕಲಿತಿರುತ್ತಾರೆ. ಕಂಪನಿಯವರ ಚಿತ್ರ ಕದಿಯಬೇಡಿ, ನೀವೇ ಬರೆಯಿರಿ. ಚಿತ್ರ ಬಾರದಿದ್ದರೆ ಬರೀ ಅಕ್ಷರ ಸಾಕು, ಮೊದಲು ಆಡಿ ನೋಡಬೇಕಾದದ್ದು ನಿಯಮವನ್ನು. ದಪ್ಪ ಕಾಗದ, ಜೆರಾಕ್ಸ್ ಅಂಗಡಿ, ಕತ್ತರಿ. ಒಂದು ಕುರುಡು ಪೊಟ್ಟಣದ ದುಡ್ಡಿನಲ್ಲಿ ಇಡೀ ಕಟ್ಟು ಮುಗಿಯುತ್ತದೆ.

ಕಟ್ಟಿದವರು ಅರವತ್ತು ಎಲೆಗಳ ಪಟ್ಟಿಯನ್ನೂ ನಿಯಮವನ್ನೂ ಒಂದು ಹಾಳೆಯಲ್ಲಿ ಬರೆದು ನಮ್ಮ ಕಚೇರಿಗೆ ಕಳಿಸಿ. ಒಬ್ಬರೇ ಕಟ್ಟಿ ಒಬ್ಬರೇ ಹೊಗಳಿಕೊಂಡದ್ದು ಬೇಡ. ಕನಿಷ್ಠ ಹತ್ತು ಸಲ ಬೇರೆಯವರ ಜೊತೆ ಆಡಿ, ಎಲ್ಲಿ ಸಿಕ್ಕಿಕೊಂಡಿತು ಎಂಬುದನ್ನೂ ಬರೆದಿರಬೇಕು. ಸರಿಯಾಗಿ ನಿಂತ ಕಟ್ಟುಗಳನ್ನು ಈ ಪುಟದಲ್ಲೇ ಅಚ್ಚು ಮಾಡುತ್ತೇವೆ. ಬರುವ ನವೆಂಬರಿನಲ್ಲಿ ನಿಮ್ಮ ಬೀದಿಯ ರಾಜ್ಯೋತ್ಸವದ ಪೆಂಡಾಲಿನಲ್ಲಿ ಧ್ವನಿವರ್ಧಕದ ಪಕ್ಕ ಒಂದು ಮೇಜು, ನಾಲ್ಕು ಕುರ್ಚಿ ಹಾಕಿಸಿ. ಭಾಷಣ ಶುರುವಾಗುವ ಮೊದಲೇ ಎಲೆ ಹಂಚಿಬಿಡಿ.