ತಿಮ್ಮ ದಡ್ಡನಲ್ಲ, ಗೌರಮ್ಮ ಬೈಗುಳವಲ್ಲ

ಎಣ್ಣೆ ಹಚ್ಚಿ ಜಡೆ ಹಾಕಿ, ದುಪಟ್ಟಾ ಸರಿಯಾಗಿ ಹೊದ್ದು ಬಂದವಳು ‘ಗೌರಮ್ಮ’. ಹೊಸ ಆ್ಯಪ್ ಬಳಸಲು ಬಾರದವನು ‘ತಿಮ್ಮ’. ಬೆಂಗಳೂರಿನ ಮೆಟ್ರೊ ಗೇಟಿನ ಮುಂದೆ ತಬ್ಬಿಬ್ಬಾದವನು ‘ಬೋರೇಗೌಡ’. ಜೋಕಿನಲ್ಲಿ ಮೇಷ್ಟ್ರ ಕೈಲಿ ಬೈಸಿಕೊಳ್ಳುವವನು ಯಾವಾಗಲೂ ‘ಗುಂಡ’. ಕ್ಯಾಂಟೀನಿನಿಂದ ರೀಲ್ಸ್‌ವರೆಗೆ ಈ ಹೆಸರುಗಳು ಬೈಗುಳದ ಕೆಲಸ ಮಾಡುತ್ತಿವೆ. ಯಾಕಪ್ಪಾ ಹೀಗೆ ಅಂತೀಯ ಎಂದು ಕೇಳಿದರೆ ಉತ್ತರ ರೆಡಿ: ‘ನಾನೆಲ್ಲಿ ಬೈದೆ? ಬರೀ ಹೆಸರು ಹೇಳಿದೆ!’

ಈ ಚಾಳಿ ನಮ್ಮದೊಂದೇ ಅಲ್ಲ. ಸಿಕ್ಕಸಿಕ್ಕವರ ಮೇಲೆ ದರ್ಪ ತೋರುವ ಬಿಳಿಯ ಮಹಿಳೆಗೆ ‘ಕರೆನ್’ ಎನ್ನುವುದು 2020ರ ಹೊತ್ತಿಗೆ ಅಮೆರಿಕದಿಂದ ಜಗತ್ತಿಗೆಲ್ಲ ಹಬ್ಬಿತು. ಜರ್ಮನಿಯಲ್ಲಿ ‘ಕೆವಿನ್’ ಎಂಬ ಹೆಸರಿನ ಮಕ್ಕಳನ್ನು ಶಿಕ್ಷಕರು ಮೊದಲೇ ತರಲೆಗಳೆಂದು ಭಾವಿಸುತ್ತಾರೆಂದು 2009ರಲ್ಲಿ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಹೇಳಿತು. ನಮ್ಮ ದೇಶದ ‘ಪಪ್ಪು’ವಿನ ಕಥೆ ಇನ್ನೂ ಸ್ವಾರಸ್ಯಕರ. 2008ರ ದೆಹಲಿ ವಿಧಾನಸಭಾ ಚುನಾವಣೆಯಲ್ಲಿ ಮತ ಹಾಕದ ಸೋಮಾರಿಗೆ ಚುನಾವಣಾ ಅಧಿಕಾರಿಗಳೇ ತಮ್ಮ ಪ್ರಚಾರದಲ್ಲಿ ‘ಪಪ್ಪು’ ಎಂದು ಹೆಸರಿಟ್ಟರು. 2017ರ ಗುಜರಾತ್ ಚುನಾವಣೆಯಲ್ಲಿ ಅದೇ ಪದವಿದ್ದ ಪಕ್ಷದ ಜಾಹೀರಾತಿಗೆ ಚುನಾವಣಾ ಅಧಿಕಾರಿಗಳೇ ಆಕ್ಷೇಪ ಎತ್ತಿದರು. ಒಂಬತ್ತು ವರ್ಷದಲ್ಲಿ ತಮಾಷೆಯ ಹೆಸರು ಅವಹೇಳನವಾಗಿತ್ತು.

ಹಾಗಾದರೆ ಹೆಸರನ್ನು ಉಪಮೆಯಾಗಿ ಬಳಸಲೇಬಾರದೆ? ಕುತಂತ್ರಿಯನ್ನು ಶಕುನಿ ಎನ್ನುತ್ತೇವೆ, ನಿದ್ದೆಗೇಡಿ ರೂಮ್‌ಮೇಟ್‌ಗೆ ಬೇಕೆಂದೇ ಕುಂಭಕರ್ಣ ಎನ್ನುತ್ತೇವೆ. ಕಂಪ್ಲಿಯ ಸೀಮೆಯಲ್ಲಿ ಕುಮಾರರಾಮ ಎಂದರೆ ಗಂಡುಗಲಿ. ಅಲ್ಲಿ ಹೆಸರು ಅಂಟಿರುವುದು ಒಬ್ಬನ ನಡತೆಗೆ. ಜೊತೆಗೆ, ಯಾರೂ ತಮ್ಮ ಮಗುವಿಗೆ ಶಕುನಿ ಎಂದು ಹೆಸರಿಡುವುದಿಲ್ಲ. ನೋಯುವವರು ಯಾರೂ ಇಲ್ಲ. ಆದರೆ ಗೌರಮ್ಮ, ತಿಮ್ಮಪ್ಪ, ಬೋರೇಗೌಡ ನಮ್ಮ ನಡುವೆಯೇ ಇದ್ದಾರೆ. ಅವರು ಏನು ಮಾಡಿದರು ಎಂದು ಯಾರೂ ಕೇಳುವುದಿಲ್ಲ. ಹಳ್ಳಿ, ಜಾತಿ, ಅಪ್ಪ–ಅಮ್ಮನ ಓದು, ಮನೆಯ ಬಡತನ ಇವೆಲ್ಲವನ್ನೂ ಒಂದೇ ಹೆಸರಿನಲ್ಲಿ ಕಟ್ಟಿ ನಗುತ್ತೇವೆ, ಅಷ್ಟೇ.

ಹಂಪಿಯ ಪಕ್ಕದಲ್ಲಿದ್ದುಕೊಂಡು ‘ತಿಮ್ಮ’ ಎಂದರೆ ದಡ್ಡ ಎನ್ನುವುದಂತೂ ವಿಚಿತ್ರ. ಕೃಷ್ಣದೇವರಾಯ ‘ಅಪ್ಪಾಜಿ’ ಎಂದು ಗೌರವಿಸಿದ ಮಹಾಮಂತ್ರಿಯ ಹೆಸರು ಸಾಳುವ ತಿಮ್ಮರಸು. 1943ರಲ್ಲಿ ಡಿ.ವಿ.ಜಿ. ತಮ್ಮ ಕಗ್ಗದ ತತ್ವಜ್ಞಾನವನ್ನೆಲ್ಲ ಹೇಳಿಸಿದ್ದು ಒಬ್ಬ ‘ಮಂಕುತಿಮ್ಮ’ನಿಂದ. ಇನ್ನು ಗೌರಮ್ಮ? 1934ರಲ್ಲಿ ಕೊಡಗಿಗೆ ಬಂದ ಗಾಂಧೀಜಿ ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತು, ಬಂದಾಗ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟವರು ಕೊಡಗಿನ ಗೌರಮ್ಮ. ವಿಧವೆಯರ ಬದುಕಿನ ಬಗ್ಗೆ ಆ ಕಾಲದಲ್ಲೇ ಧೈರ್ಯವಾಗಿ ಕಥೆ ಬರೆದವರು. ಇಂಥ ಹೆಸರನ್ನು ‘ಓಲ್ಡ್ ಫ್ಯಾಷನ್’ ಎಂಬುದಕ್ಕೆ ಪರ್ಯಾಯ ಮಾಡಿಕೊಂಡಿದ್ದೇವೆ.

ನಮ್ಮ ಸುತ್ತಲಿನ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆಯಿರಿ, ಅದೊಂದು ಭೂಪಟ. ಪಂಪಾಪತಿ, ಹಂಪಮ್ಮ ಎಂದರೆ ಹಂಪಿ. ಹುಲಿಗೆಮ್ಮ ಎಂದರೆ ಹೊಳೆಯಾಚೆಯ ಹುಲಿಗಿ. ಕೊಟ್ರೇಶ ಎಂದರೆ ಕೊಟ್ಟೂರು. ಕುಮಾರಸ್ವಾಮಿ ಎಂದರೆ ಸಂಡೂರಿನ ಬೆಟ್ಟ. ಎರ್ರಿಸ್ವಾಮಿ ಎಂದರೆ ಚೇಳ್ಳಗುರ್ಕಿಯ ಎರ್ರಿತಾತ. ತೆಲುಗಿನಲ್ಲಿ ‘ಎರ್ರಿ’ ಎಂದರೆ ಹುಚ್ಚು. ಆ ಪದವನ್ನೇ ಜನ ತಾತನ ಮೇಲಿನ ಭಕ್ತಿಯಿಂದ ಮಕ್ಕಳಿಗೆ ಇಟ್ಟರು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ, ಈ ಕೂಸಾದರೂ ಬದುಕಲಿ ಎಂದು ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುವ ರೂಢಿಯೂ ಇತ್ತು. ನಾವು ನಗುವ ಹೆಸರಿನ ಹಿಂದೆ ಒಬ್ಬ ತಾಯಿಯ ಹರಕೆ ಇರಬಹುದು.

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕೆ ಎನ್ನುವವರಿಗೆ ಒಂದು ಲೆಕ್ಕ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಲಾಗಿತ್ತು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಅವಕಾಶ ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು ಮಾತ್ರ ಇತ್ತು. ಕ್ಯಾಂಟೀನಿನಲ್ಲಿ ಹೆಸರು ಕೇಳಿ ನಗಲು ಕಲಿತ ಹುಡುಗನೇ ನಾಳೆ ಎಚ್.ಆರ್. ಕುರ್ಚಿಯಲ್ಲಿ ಕೂತು ರೆಸ್ಯೂಮೆ ನೋಡುತ್ತಾನೆ. ಅದಕ್ಕೇ ಪ್ಲೇಸ್‌ಮೆಂಟ್ ಹತ್ತಿರ ಬಂದಂತೆ ಹುಲಿಗೆಮ್ಮ ‘ಹನಿ’ ಆಗುತ್ತಾಳೆ, ಪಂಪಾಪತಿ ‘ಪಿ.ಪಿ.’ ಆಗುತ್ತಾನೆ. ಇಷ್ಟಪಟ್ಟು ಹೆಸರು ಬದಲಿಸಿಕೊಳ್ಳುವುದು ಬೇರೆ, ನಾಚಿಕೆಗೆ ಮೊಟಕು ಮಾಡಿಕೊಳ್ಳುವುದು ಬೇರೆ.

ಮದ್ದು ನಮ್ಮ ಕಣ್ಣೆದುರೇ ಇದೆ. ವಿ.ಟಿ.ಯು. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ನಾವು ಹೆಸರು ಬರೆಯುವಂತಿಲ್ಲ, ಬರೆಯುವುದು ಯು.ಎಸ್.ಎನ್. ಮಾತ್ರ. ಹೆಸರು ಕಂಡರೆ ಅಂಕ ವಾಲೀತು ಎಂಬ ಎಚ್ಚರ ಅದು. ಅದೇ ಎಚ್ಚರವನ್ನು ಕ್ಯಾಂಪಸ್ ಸಂದರ್ಶನದ ಮೊದಲ ಸುತ್ತಿಗೂ ತರಬಹುದು: ಅಂಕ, ಪ್ರಾಜೆಕ್ಟ್, ಕೋಡಿಂಗ್ ನೋಡಿ, ಹೆಸರು ಆಮೇಲೆ ಕೇಳಿ. ಕಾಲೇಜುಗಳು ಕಂಪನಿಗಳ ಮುಂದೆ ಈ ಷರತ್ತು ಇಡಲು ಖರ್ಚೇನೂ ಇಲ್ಲ.

ನಾವು ಮಾಡಬೇಕಾದದ್ದು ಇನ್ನೂ ಸುಲಭ. ಗೆಳೆಯ ದಡ್ಡ ಕೆಲಸ ಮಾಡಿದರೆ ದಡ್ಡ ಎಂದೇ ಬೈಯೋಣ, ಅವನೂ ತಿರುಗಿ ಬೈಯಲಿ. ಪಕ್ಕದ ಬೆಂಚಿನ ತಿಮ್ಮಪ್ಪನನ್ನು ಯಾಕೆ ನಡುವೆ ಎಳೆಯಬೇಕು?